ಹಾರ್ಮೋನು, ಮನಸ್ಸು, ಬಯಕೆ: ಲಿಂಗತ್ವ ಪರಿವರ್ತನೆಯ ಹಾದಿಗೆ ಹೊಸಬರಾದವರಿಗೆ

ಲಿಂಗತ್ವ ಪರಿವರ್ತನೆಯ ಚಿಕಿತ್ಸೆ ಶುರುವಾದ ಕೆಲವೇ ತಿಂಗಳಲ್ಲಿ ಮನಸ್ಸಿನಲ್ಲಿ ಏಳುವ, ಆದರೆ ಡಾಕ್ಟರ ಎದುರು ನಾಲಿಗೆಗೆ ಬರದ ಪ್ರಶ್ನೆಯೊಂದಿದೆ. ‘ಮಾತ್ರೆ ಶುರು ಮಾಡಿದ ಮೇಲೆ ಆಸೆಯೇ ಸತ್ತುಹೋದಂತಿದೆ, ಇನ್ನು ಹೀಗೆಯೇ ಏನು?’ ಎಂದು ಟ್ರಾನ್ಸ್ ಮಹಿಳೆ ಕೊರಗುತ್ತಾಳೆ. ‘ಇಂಜೆಕ್ಷನ್ ತೆಗೆದುಕೊಂಡಾಗಿನಿಂದ ತಲೆಯಲ್ಲಿ ಅದೇ ಯೋಚನೆ, ನನಗೇನಾಗಿದೆ?’ ಎಂದು ಟ್ರಾನ್ಸ್ ಪುರುಷ ಗಾಬರಿ ಬೀಳುತ್ತಾನೆ. ನಮ್ಮ ಉತ್ತರ ಕನ್ನಡ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಈ ಪ್ರಶ್ನೆ ಕೇಳುವುದು ಇನ್ನೂ ಕಷ್ಟ. ಔಷಧಿ ಅಂಗಡಿಯವರಿಗೆ ಅಪ್ಪನ ಪರಿಚಯವಿರುತ್ತದೆ, ಆಸ್ಪತ್ರೆಯ ಸರತಿ ಸಾಲಿನಲ್ಲಿ ಪಕ್ಕದ ಕೇರಿಯವರು ಕೂತಿರುತ್ತಾರೆ. ಮನೆಮಾತು ಕನ್ನಡವಿರಲಿ, ಕೊಂಕಣಿಯಿರಲಿ, ನವಾಯತಿಯಿರಲಿ, ಕಾಮದ ಬಗ್ಗೆ ಬಾಯಿಬಿಟ್ಟು ಮಾತಾಡುವ ರೂಢಿ ನಮ್ಮ ಮನೆಗಳಲ್ಲಿ ಇಲ್ಲ. ಹಾಗೆ ಕೇಳದೆ ಉಳಿದ ಪ್ರಶ್ನೆಗಳಿಗಾಗಿ ಈ ಪರಿಚಯ. ಈ ಹಾದಿಗೆ ಹೊಸದಾಗಿ ಬಂದ ವಯಸ್ಕರು, ಅವರ ಸಂಗಾತಿಗಳು, ಮನೆಯವರು ಇದನ್ನು ಓದಲಿ ಎಂಬುದು ನನ್ನ ಆಸೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಮೋನು ಬಯಕೆಯನ್ನು ಬದಲಿಸುವುದು ನಿಜ, ಆದರೆ ಅದೊಂದೇ ಬದಲಿಸುವುದಿಲ್ಲ. ಮನಸ್ಸಿನ ನೆಮ್ಮದಿಗೂ ಸುತ್ತಲಿನ ಸುರಕ್ಷತೆಗೂ ಅದರಲ್ಲಿ ದೊಡ್ಡ ಪಾಲಿದೆ. ಆದ್ದರಿಂದ ಬಯಕೆ ಏರಿತು, ಇಳಿಯಿತು ಎಂಬುದರಿಂದ ನೀವು ಯಾರು ಎಂಬುದನ್ನು ಅಳೆಯಲು ಹೋಗಬೇಡಿ.

ಮೊದಲು ಮೂರು ವಿಷಯಗಳನ್ನು ಬೇರ್ಪಡಿಸೋಣ

ನಾನು ಗಂಡೋ, ಹೆಣ್ಣೋ, ಎರಡರ ಆಚೆಗಿನವರೋ ಎಂಬ ಒಳಗಿನ ಅರಿವು ಲಿಂಗತ್ವ. ಯಾರತ್ತ ಮನಸ್ಸು ಎಳೆಯುತ್ತದೆ ಎಂಬುದು ಲೈಂಗಿಕ ಒಲವು. ಆ ಎಳೆತ ಎಷ್ಟು, ಎಷ್ಟು ಬಾರಿ, ಯಾವಾಗ ಎಂಬುದು ಬಯಕೆ. ಈ ಮೂರೂ ಒಂದೇ ಅಲ್ಲ. ಗುಣವಂತೆಯ ಕೆರೆಮನೆ ರಂಗಮಂದಿರದಲ್ಲೋ ಊರಿನ ಗದ್ದೆಯ ಬಯಲಾಟದಲ್ಲೋ ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ನೋಡುತ್ತ ಬೆಳೆದವರಿಗೆ ಇನ್ನೊಂದು ವ್ಯತ್ಯಾಸವನ್ನೂ ನೆನಪಿಸಬೇಕು. ವೇಷ ಕಟ್ಟುವುದು ಕಲೆ, ಚೌಕಿಯಲ್ಲಿ ಬಣ್ಣ ತೆಗೆದ ಮೇಲೆ ಅದು ಮುಗಿಯಿತು. ಲಿಂಗತ್ವ ದಿನದ ಇಪ್ಪತ್ನಾಲ್ಕು ಗಂಟೆಯೂ ಜೊತೆಗಿರುವ ಅರಿವು.

ಈ ಅರಿವು ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕೆ ಹೊಂದದಿರುವುದು ಮಾನಸಿಕ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದ್ದಾರೆ. ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ, ಒಬ್ಬರ ಲಿಂಗತ್ವವನ್ನು ಮಾನ್ಯ ಮಾಡಲು ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವುದು ತಪ್ಪು ಎಂದಿತು. ಹಾಗಾಗಿ ಪರಿವರ್ತನೆಯೆಂದರೆ ಎಲ್ಲರಿಗೂ ಒಂದೇ ಮೆಟ್ಟಿಲುಸಾಲಲ್ಲ. ಕೆಲವರು ಹೆಸರು, ಉಡುಪು ಬದಲಿಸಿ ಅಲ್ಲಿಗೇ ನಿಲ್ಲುತ್ತಾರೆ. ಕೆಲವರು ಹಾರ್ಮೋನು ತೆಗೆದುಕೊಳ್ಳುತ್ತಾರೆ, ಕೆಲವರು ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತಾರೆ. ಒಬ್ಬೊಬ್ಬರ ಬಯಕೆಯ ಕಥೆ ಬೇರೆಯಾಗಲು ಇದೂ ಒಂದು ಕಾರಣ.

ದೇಹದೊಳಗಿನ ಲೆಕ್ಕ

ಮಿದುಳಿನ ಹೈಪೊಥಾಲಮಸ್ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ವೃಷಣ ಅಥವಾ ಅಂಡಾಶಯಕ್ಕೆ ಸೂಚನೆ ಕಳಿಸುತ್ತದೆ, ಅಲ್ಲಿ ಲೈಂಗಿಕ ಹಾರ್ಮೋನು ತಯಾರಾಗುತ್ತದೆ. ಟೆಸ್ಟೋಸ್ಟಿರೋನ್ ಗಂಡಸರಲ್ಲಿ ಮಾತ್ರ, ಈಸ್ಟ್ರೊಜೆನ್ ಹೆಂಗಸರಲ್ಲಿ ಮಾತ್ರ ಎಂಬ ತಿಳಿವಳಿಕೆ ಸರಿಯಲ್ಲ. ಎರಡೂ ಎಲ್ಲರಲ್ಲೂ ಇವೆ, ಪ್ರಮಾಣ ಬೇರೆ. ಟೆಸ್ಟೋಸ್ಟಿರೋನ್ ಸಾಮಾನ್ಯವಾಗಿ ಗಂಡಸರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 300ರಿಂದ 1000 ನ್ಯಾನೊಗ್ರಾಂ ಆಸುಪಾಸಿನಲ್ಲಿರುತ್ತದೆ, ಹೆಂಗಸರಲ್ಲಿ ಬಹುತೇಕ 50ಕ್ಕಿಂತ ಕೆಳಗೆ. ಹಾರ್ಮೋನು ಚಿಕಿತ್ಸೆಯೆಂದರೆ ಈ ಪ್ರಮಾಣವನ್ನು ಒಂದು ವ್ಯಾಪ್ತಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಸುವುದು.

ಟ್ರಾನ್ಸ್ ಮಹಿಳೆಯರಲ್ಲಿ

ಇಲ್ಲಿ ಸಾಮಾನ್ಯವಾಗಿ ಎರಡು ಔಷಧಿಗಳು ಜೊತೆಯಾಗಿ ಕೆಲಸ ಮಾಡುತ್ತವೆ: ಈಸ್ಟ್ರೊಜೆನ್‌ಗಾಗಿ ಈಸ್ಟ್ರಡಯಾಲ್, ಟೆಸ್ಟೋಸ್ಟಿರೋನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್. ಮೊದಲ 1ರಿಂದ 3 ತಿಂಗಳಲ್ಲಿ ಬಯಕೆ ಇಳಿಯುವುದು, ಬೆಳಗಿನ ಹೊತ್ತು ತಾನಾಗಿ ಆಗುತ್ತಿದ್ದ ನಿಮಿರುವಿಕೆ ಕಡಿಮೆಯಾಗುವುದು ನಿರೀಕ್ಷಿತ. 3ರಿಂದ 6 ತಿಂಗಳ ಹೊತ್ತಿಗೆ ಈ ಇಳಿತ ಗರಿಷ್ಠ ಮಟ್ಟ ಮುಟ್ಟುತ್ತದೆ. ಆದರೆ ಸ್ತನ ಬೆಳವಣಿಗೆ ಪೂರ್ಣವಾಗಲು 2ರಿಂದ 3 ವರ್ಷ ಹಿಡಿಯುತ್ತದೆ. ಅಂದರೆ ಬೇಕಾದ ಬದಲಾವಣೆ ಕಣ್ಣಿಗೆ ಕಾಣುವ ಮೊದಲೇ ಬಯಕೆ ಇಳಿದಿರುತ್ತದೆ. ‘ಕಳೆದುಕೊಂಡದ್ದೇ ಬಂತು, ಪಡೆದದ್ದು ಏನೂ ಇಲ್ಲ’ ಎಂಬ ಬೇಸರ ಆ ಹೊತ್ತಿನಲ್ಲಿ ಬಹಳ ಮಂದಿಗೆ ಬರುತ್ತದೆ. ಮುಂಚೆಯೇ ಗೊತ್ತಿದ್ದರೆ ಆ ದಿನಗಳನ್ನು ದಾಟುವುದು ಸುಲಭ.

ಕೆಲವರಿಗೆ ಈ ಇಳಿತವೇ ನೆಮ್ಮದಿ ಕೊಡುತ್ತದೆ. ತನ್ನದಲ್ಲ ಎನಿಸುತ್ತಿದ್ದ ಒತ್ತಾಯವೊಂದು ಕೊನೆಗೂ ಸುಮ್ಮನಾಯಿತು ಎಂದು ಹಗುರಾಗುತ್ತಾರೆ. ಕೆಲವರಲ್ಲಿ ಬಯಕೆ ಹೋಗುವುದಿಲ್ಲ, ಅದರ ರೀತಿ ಬದಲಾಗುತ್ತದೆ. ಮೊದಲು ತಾನಾಗಿಯೇ ಏಳುತ್ತಿದ್ದದ್ದು ಈಗ ಸ್ಪರ್ಶ, ಮಾತು, ಸಲಿಗೆ ಇದ್ದಾಗ ನಿಧಾನವಾಗಿ ಮೂಡುತ್ತದೆ. ಎರಡೂ ಸಹಜ. ಬಯಕೆ ತೀರಾ ಕಡಿಮೆಯಾಗಿ ಅದು ನಿಮಗೆ ಸಂಕಟ ತರುತ್ತಿದ್ದರೆ ಮಾತ್ರ ಅದನ್ನು ಸಮಸ್ಯೆಯೆಂದು ಕರೆಯಬೇಕು. ಆಗ ಡಾಕ್ಟರು ಟೆಸ್ಟೋಸ್ಟಿರೋನ್ ಅಗತ್ಯಕ್ಕಿಂತ ಕೆಳಗಿಳಿದಿದೆಯೇ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಏರಿದೆಯೇ ಎಂದು ನೋಡಿ ಔಷಧಿಯ ಪ್ರಮಾಣ ಬದಲಿಸಬಹುದು. ಸೈಪ್ರೊಟೆರೋನ್ ಪ್ರಮಾಣ ಹೆಚ್ಚಾದರೆ ಪ್ರೊಲ್ಯಾಕ್ಟಿನ್ ಏರುವುದುಂಟು, ಮನಸ್ಸು ಕುಗ್ಗುವುದೂ ಉಂಟು. ವೃತ್ತಿಪರ ಸಂಸ್ಥೆಯಾದ ಡಬ್ಲ್ಯುಪ್ಯಾತ್ 2022ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 10 ಮಿಲಿಗ್ರಾಂನಂಥ ಸಣ್ಣ ಪ್ರಮಾಣವೇ ಸಾಕೆನ್ನುತ್ತದೆ.

ಕರಾವಳಿಯವರಿಗೆ ಇನ್ನೊಂದು ಸೂಚನೆ. ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುವ ಗುಣವೂ ಅದಕ್ಕಿದೆ. ನಮ್ಮಲ್ಲಿ ಸೆಕೆಗೆ ದಿನಾ ಕುಡಿಯುವ ಎಳನೀರಿನಲ್ಲಿಯೂ ಪೊಟ್ಯಾಸಿಯಂ ಧಾರಾಳ, ಎರಡೂ ಸೇರಿ ಅದು ಮಿತಿ ಮೀರಬಹುದು. ಹಾಗೆಂದು ಎಳನೀರಿಗೆ ಹೆದರಬೇಕಿಲ್ಲ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರಿಗೆ ಹೇಳಿ, ಹೇಳಿದ ಹೊತ್ತಿಗೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.

ಟ್ರಾನ್ಸ್ ಪುರುಷರಲ್ಲಿ

ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಶುರುವಾದ ಮೊದಲ ಕೆಲವು ತಿಂಗಳಲ್ಲಿ ಬಯಕೆ ಏರುವುದು ಸಾಮಾನ್ಯ. 1ರಿಂದ 6 ತಿಂಗಳೊಳಗೆ ಮುಟ್ಟು ನಿಲ್ಲತೊಡಗುತ್ತದೆ, ಚಂದ್ರನಾಡಿ ದೊಡ್ಡದಾಗಿ ಸೂಕ್ಷ್ಮವಾಗುತ್ತದೆ. ಮೂವತ್ತರ ವಯಸ್ಸಿನಲ್ಲಿ ಹದಿಹರೆಯ ಮರಳಿ ಬಂದಂತಾಗಿ ಹಲವರು ನಾಚಿಕೊಳ್ಳುತ್ತಾರೆ. ಇದು ನಡತೆಗೆಟ್ಟ ಲಕ್ಷಣವಲ್ಲ. ದೇಹ ಹೊಸ ಹಾರ್ಮೋನಿಗೆ ಹೊಂದಿಕೊಳ್ಳುತ್ತಿದೆ ಅಷ್ಟೆ, ಕಾಲ ಕಳೆದಂತೆ ಅದು ಹದಕ್ಕೆ ಬರುತ್ತದೆ.

ಒಂದು ಇಂಜೆಕ್ಷನ್ನಿನ ಸುತ್ತನ್ನು ಹತ್ತಿರದಿಂದ ನೋಡೋಣ. ಎರಡು ವಾರಕ್ಕೊಮ್ಮೆ ಟೆಸ್ಟೋಸ್ಟಿರೋನ್ ಎನಾಂಥೇಟ್ ತೆಗೆದುಕೊಳ್ಳುವ ಒಬ್ಬನನ್ನು ಊಹಿಸಿಕೊಳ್ಳಿ. ಚುಚ್ಚಿಸಿಕೊಂಡ ಮೊದಲ ಕೆಲವು ದಿನ ರಕ್ತದಲ್ಲಿ ಹಾರ್ಮೋನು ಮೇಲೇರುತ್ತದೆ. ಹುಮ್ಮಸ್ಸು, ಹಸಿವು, ಬಯಕೆ ಎಲ್ಲವೂ ಜೋರು. ಎರಡನೇ ವಾರದ ಕೊನೆಗೆ ಮಟ್ಟ ಕೆಳಗಿಳಿದಾಗ ಸುಸ್ತು, ಸಿಡುಕು, ಯಾವುದರಲ್ಲೂ ಮನಸ್ಸಿಲ್ಲ. ‘ನನ್ನ ಸ್ವಭಾವವೇ ಹೀಗಾಯಿತೇ’ ಎಂದು ಅವನಿಗೆ ಅನುಮಾನ. ಕ್ಯಾಲೆಂಡರಿನಲ್ಲಿ ಇಂಜೆಕ್ಷನ್ ದಿನ, ಸಿಡುಕಿದ ದಿನ, ಬಯಕೆ ಏರಿದ ದಿನಗಳನ್ನು ಎರಡು ತಿಂಗಳು ಗುರುತು ಹಾಕಿದರೆ ಏರಿಳಿತದ ಜಾಡು ತಾನಾಗಿ ಕಾಣುತ್ತದೆ. ಅದನ್ನು ತೋರಿಸಿದರೆ ಡಾಕ್ಟರು ಪ್ರಮಾಣವನ್ನು ಒಡೆದು ವಾರಕ್ಕೊಮ್ಮೆ ಕೊಡಬಹುದು, ಅಥವಾ 10ರಿಂದ 12 ವಾರಕ್ಕೊಮ್ಮೆ ಸಾಕಾಗುವ ಅಂಡೆಕನೋಯೇಟ್‌ಗೆ ಬದಲಿಸಬಹುದು.

ಟೆಸ್ಟೋಸ್ಟಿರೋನಿನಿಂದ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಬಯಕೆ ಇದ್ದರೂ ನೋವಿನಿಂದ ಹಿಂದೆ ಸರಿಯುವವರಿದ್ದಾರೆ. ಲೂಬ್ರಿಕೆಂಟ್ ಅಥವಾ ಡಾಕ್ಟರು ಬರೆದುಕೊಡುವ, ಅಲ್ಲಿಗಷ್ಟೇ ಹಚ್ಚುವ ಈಸ್ಟ್ರೊಜೆನ್ ಮುಲಾಮಿನಿಂದ ಇದು ಕಡಿಮೆಯಾಗುತ್ತದೆ. ಮುಟ್ಟು ನಿಂತರೆ ಗರ್ಭ ನಿಲ್ಲದು ಎಂದು ತಿಳಿಯುವುದು ಮಾತ್ರ ಅಪಾಯ. ಟೆಸ್ಟೋಸ್ಟಿರೋನ್ ಗರ್ಭನಿರೋಧಕವಲ್ಲ, ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡುತ್ತದೆ. ಟ್ರಾನ್ಸ್ ಮಹಿಳೆಯರೂ ಈಸ್ಟ್ರೊಜೆನನ್ನು ಗರ್ಭನಿರೋಧಕವೆಂದು ನಂಬಬಾರದು. ಮುಂದೆ ಮಕ್ಕಳು ಬೇಕೆನಿಸಬಹುದು ಎಂಬ ಯೋಚನೆಯಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ಆ ಮಾತು ತೆಗೆಯಿರಿ.

ನಿರ್ವಾಣದ ನಂತರ

ಹಿಜ್ರಾ ಸಮುದಾಯದಲ್ಲಿ ನಿರ್ವಾಣವೆಂದು ಕರೆಯುವ ಶಸ್ತ್ರಕ್ರಿಯೆಯಲ್ಲಿ ವೃಷಣ ತೆಗೆದ ಮೇಲೆ ದೇಹದ ಬಹುಪಾಲು ಟೆಸ್ಟೋಸ್ಟಿರೋನ್ ಒಮ್ಮೆಲೇ ಹೋಗುತ್ತದೆ. ಆಮೇಲೆ ಈಸ್ಟ್ರೊಜೆನನ್ನೂ ತೆಗೆದುಕೊಳ್ಳದಿದ್ದರೆ ದೇಹ ಎರಡೂ ಇಲ್ಲದ ಸ್ಥಿತಿಗೆ ಬೀಳುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಸುಸ್ತು, ಬಯಕೆಯಿಲ್ಲದಿರುವುದು, ವರ್ಷಗಳು ಕಳೆದಂತೆ ಮೂಳೆ ಸವೆಯುವುದು ಇದರ ಫಲ. ‘ನಿರ್ವಾಣವಾಯಿತಲ್ಲ, ಇನ್ನು ಮಾತ್ರೆ ಏಕೆ’ ಎನ್ನುವ ಅಕ್ಕಂದಿರಿಗೆ ಇದನ್ನು ಮನದಟ್ಟು ಮಾಡಬೇಕು. ಮೂಳೆಗಾಗಿ, ಹುರುಪಿಗಾಗಿ ಡಾಕ್ಟರ ಸಲಹೆಯಂತೆ ಹಾರ್ಮೋನು ಮುಂದುವರಿಯಬೇಕಾಗುತ್ತದೆ.

ಮನಸ್ಸಿನ ಪಾಲು

ಜಾನ್ ಬ್ಯಾಂಕ್ರಾಫ್ಟ್, ಎರಿಕ್ ಜಾನ್ಸೆನ್ ಎಂಬ ಸಂಶೋಧಕರು ಬಯಕೆಯನ್ನು ಎರಡು ವ್ಯವಸ್ಥೆಗಳಾಗಿ ವಿವರಿಸಿದ್ದಾರೆ: ಕೆರಳಿಸುವುದು ಒಂದು, ತಡೆಯುವುದು ಇನ್ನೊಂದು, ಬಂಡಿಯ ಆಕ್ಸಿಲರೇಟರ್ ಮತ್ತು ಬ್ರೇಕು ಇದ್ದಂತೆ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನ ಹ್ಯಾಂಡ್‌ಬ್ರೇಕ್ ಹಾಕಿಯೇ ಇದ್ದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಬಂಡಿ ಏರುವುದಿಲ್ಲ. ಹಾರ್ಮೋನು ಕೆಲಸ ಮಾಡುವುದು ಹೆಚ್ಚಾಗಿ ಆಕ್ಸಿಲರೇಟರ್ ಬದಿಯಲ್ಲಿ. ಭಯ, ನಾಚಿಕೆ, ಖಿನ್ನತೆ, ‘ಯಾರಾದರೂ ನೋಡಿಬಿಟ್ಟರೆ’ ಎಂಬ ಆತಂಕ, ಇವೆಲ್ಲ ಬ್ರೇಕು.

ಟ್ರಾನ್ಸ್ ವ್ಯಕ್ತಿಗಳಿಗೆ ಇದರಲ್ಲಿ ತಮ್ಮದೇ ಆದ ಒಂದು ಸಂಕಟವಿದೆ. ತನ್ನ ದೇಹದ ಯಾವುದೋ ಭಾಗ ತನ್ನದಲ್ಲ ಎನಿಸುವಾಗ ಆ ಭಾಗವನ್ನು ಇನ್ನೊಬ್ಬರು ಮುಟ್ಟುವುದೇ ನೋವು. ದೀಪ ಆರಿಸಿದ ಮೇಲಷ್ಟೇ ಹತ್ತಿರ ಬರುವವರು, ಅಂಗಿ ತೆಗೆಯಲು ಒಪ್ಪದವರು, ತನ್ನ ಸುಖವನ್ನು ಮರೆತು ಸಂಗಾತಿಯ ಸುಖವನ್ನಷ್ಟೇ ನೋಡುವವರು ಇದ್ದಾರೆ. ಚಿಕಿತ್ಸೆಯಿಂದ ದೇಹ ನಿಧಾನವಾಗಿ ತನ್ನದಾಗುತ್ತ ಬಂದಂತೆ ಈ ಬ್ರೇಕು ಸಡಿಲವಾಗುತ್ತದೆ.

ಯುರೋಪಿನ ಹಲವು ಜೆಂಡರ್ ಕ್ಲಿನಿಕ್‌ಗಳು ಸೇರಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಹಾರ್ಮೋನು ಶುರು ಮಾಡಿದವರನ್ನು 3 ವರ್ಷ ಅನುಸರಿಸಿ ನೋಡಿದಾಗ, ಟ್ರಾನ್ಸ್ ಮಹಿಳೆಯರ ಬಯಕೆ ಮೊದಲ 3 ತಿಂಗಳಲ್ಲಿ ಇಳಿದಿತ್ತು, ಆದರೆ 36 ತಿಂಗಳ ಹೊತ್ತಿಗೆ ಚಿಕಿತ್ಸೆಗೆ ಮೊದಲಿದ್ದ ಮಟ್ಟಕ್ಕಿಂತ ಮೇಲೇರಿತ್ತು. ಟ್ರಾನ್ಸ್ ಪುರುಷರಲ್ಲಿ ಮೊದಲ 3 ತಿಂಗಳಲ್ಲಿ ಏರಿದ್ದು, ಸಂಗಾತಿಯೊಡನೆ ಸೇರುವ ಬಯಕೆಯ ಮಟ್ಟಿಗೆ, ಮೂರು ವರ್ಷದಲ್ಲಿ ಮೊದಲಿನ ಮಟ್ಟಕ್ಕೆ ಮರಳಿತ್ತು. ಆ ಟ್ರಾನ್ಸ್ ಮಹಿಳೆಯರ ಟೆಸ್ಟೋಸ್ಟಿರೋನ್ ಮತ್ತೆ ಏರಿದ್ದರಿಂದ ಬಯಕೆ ಮರಳಿದ್ದಲ್ಲ. ರಕ್ತದ ಹಾರ್ಮೋನು ಮಟ್ಟದ ಏರಿಳಿತಕ್ಕೂ ಬಯಕೆಯ ಅಂಕಗಳಿಗೂ ನೇರ ನಂಟು ಅಲ್ಲಿ ಕಾಣಲಿಲ್ಲ. ತನ್ನ ದೇಹದಲ್ಲಿ ತಾನು ನೆಮ್ಮದಿಯಾಗಿರುವುದು ಎಷ್ಟು ದೊಡ್ಡ ಔಷಧಿ ಎಂಬುದಕ್ಕೆ ನಾನು ಇದನ್ನೇ ಮುಂದಿಡುತ್ತೇನೆ.

ಖಿನ್ನತೆಯನ್ನು ಬೇರೆಯಾಗಿಯೇ ಗಮನಿಸಿ. ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ, ನಿದ್ದೆ, ಗೆಳೆತನ, ಯಾವುದರಲ್ಲೂ ರುಚಿ ಇಲ್ಲದಿದ್ದರೆ ಬಯಕೆಯಷ್ಟೇ ಹೋಗಿದೆ ಎಂದು ತಿಳಿಯಬೇಡಿ, ಮನಸ್ಸಿಗೆ ಚಿಕಿತ್ಸೆ ಬೇಕಾಗಿರಬಹುದು. ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ತರಹದ ಮಾತ್ರೆಗಳೂ ಬಯಕೆಯನ್ನು ಕುಗ್ಗಿಸುತ್ತವೆ. ಹಾಗೆಂದು ಅವನ್ನು ತಟ್ಟನೆ ನಿಲ್ಲಿಸಬಾರದು, ಬದಲಿ ಔಷಧಿಗಳಿವೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆ, ಕುಡಿತಗಳಿಂದಲೂ ಬಯಕೆ ತಗ್ಗುತ್ತದೆ. ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿದರೆ ಇವು ಕಣ್ತಪ್ಪುತ್ತವೆ.

ಸಂಗಾತಿಗೆ, ಮನೆಯವರಿಗೆ

ಸಂಗಾತಿಯ ಬಯಕೆ ಇಳಿದರೆ ‘ನನ್ನ ಮೇಲಿನ ಪ್ರೀತಿ ಹೋಯಿತು’ ಎಂದು ತಿಳಿಯುವುದು ಸುಲಭ. ಗಲ್ಫಿನಲ್ಲಿ ದುಡಿಯುತ್ತ ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವರಿಗೆ ಈ ಬದಲಾವಣೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೇಳಿ ತಿಳಿದುಕೊಳ್ಳಿ: ಎಲ್ಲಿ ಮುಟ್ಟಿದರೆ ಹಿತ, ಎಲ್ಲಿ ಬೇಡ, ಯಾವ ಹೆಸರಿನಿಂದ ಕರೆಯಬೇಕು. ಬಯಕೆ ಏರಿದವರಿಗೂ ಇದೇ ಮಾತು. ನಿಮ್ಮ ಬಯಕೆ ಎಷ್ಟೇ ಜೋರಿರಲಿ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಹೆಜ್ಜೆ ಇಡುವಂತಿಲ್ಲ. ಕಾಂಡೋಮ್ ಮರೆಯಬೇಡಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಹೆಸರು ಗುಟ್ಟಾಗಿರುತ್ತದೆ. 1097ಕ್ಕೆ ಕರೆ ಮಾಡಿದರೂ ಮಾಹಿತಿ ಸಿಗುತ್ತದೆ.

ಬಯಕೆ ಇಲ್ಲದಿರುವುದು ಸಂಕಟ ತರದಿದ್ದರೆ ಅದನ್ನು ಸರಿಪಡಿಸಲು ಹೊರಡಬೇಕಿಲ್ಲ. ಕಾಮವಿಲ್ಲದೆಯೂ ತುಂಬು ಬಾಳು ಬಾಳುವವರಿದ್ದಾರೆ. ಮನೆಯವರಂತೂ ‘ನೋಡು, ಆಸೆ ಹೋಯಿತು, ಅಂದರೆ ನಿನ್ನ ನಿರ್ಧಾರವೇ ತಪ್ಪು’ ಎಂಬ ತೀರ್ಪು ಕೊಡಬಾರದು. ಬಯಕೆ ಲಿಂಗತ್ವಕ್ಕೆ ಸಾಕ್ಷಿ ಹೇಳುವುದಿಲ್ಲ. ‘ಸರಿ ಮಾಡಿಸುತ್ತೇನೆ’ ಎಂದು ಯಾರ ಬಳಿಯೋ ಎಳೆದೊಯ್ಯುವುದೂ ಸಲ್ಲದು. ಲಿಂಗತ್ವ ಬದಲಿಸುತ್ತೇವೆಂಬ ‘ಪರಿವರ್ತನಾ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಘೋಷಿಸಿದೆ.

ಓದಬೇಕೆನ್ನುವ ಮನೆಯವರಿಗೆ ಕನ್ನಡದಲ್ಲೇ ಟ್ರಾನ್ಸ್ ಮಹಿಳೆಯರ ಬದುಕಿನ ಕಥೆಗಳಿವೆ. ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’, ಎ. ರೇವತಿಯವರ ಆತ್ಮಕಥೆಯ ಕನ್ನಡ ರೂಪ ‘ಬದುಕು ಬಯಲು’, ಅಕ್ಕಯ್ ಪದ್ಮಶಾಲಿಯವರ ಆತ್ಮಕಥೆ, ಇವನ್ನು ಓದಿದ ಮೇಲೆ ನಿಮ್ಮ ಮಗುವನ್ನು ನೋಡುವ ಕಣ್ಣು ಬದಲಾಗುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಏನು ಮಾಡಬಹುದು

ಹಾರ್ಮೋನು ತಜ್ಞರಿಗಾಗಿ ಇಲ್ಲಿಯವರು ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯತ್ತ ನೋಡಬೇಕು. ಮಣಿಪಾಲಕ್ಕೆ ಭಟ್ಕಳದಿಂದಲೇ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಇನ್ನೂ ದೂರ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾದ ಮೇಲೆ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮೊಳಗಿತು. ಆ ದೂರದ ಭಾರ ಟ್ರಾನ್ಸ್ ವ್ಯಕ್ತಿಗಳ ಮೇಲೂ ಇದೆ, ಜೊತೆಗೆ ಮನೆಯಲ್ಲಿ ಸುಳ್ಳು ಹೇಳಿ ಹೊರಡಬೇಕಾದ ಭಾರವೂ ಇದೆ.

ಆ ದೂರಕ್ಕೆ ಬೇಸತ್ತು ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಹಲವು ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿರುವುದು ಎಥಿನೈಲ್ ಈಸ್ಟ್ರಡಯಾಲ್. ಅದು ರಕ್ತ ಹೆಪ್ಪುಗಟ್ಟಿಸುವ ಅಪಾಯ ದೊಡ್ಡದು, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ದೊಡ್ಡದು. ಒಂದು ಮೀನಖಂಡ ಊದಿ ನೋವಾದರೆ, ಎದೆನೋವು ಅಥವಾ ಉಸಿರುಗಟ್ಟುವಿಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗಿದ್ದೀರೆಂದು ಮುಚ್ಚಿಡದೆ ಹೇಳಿ. ಪ್ರಮಾಣ ಹೆಚ್ಚಿಸಿದರೆ ಬದಲಾವಣೆಯೇನೂ ಬೇಗ ಬರುವುದಿಲ್ಲ.

ಡಾಕ್ಟರ ಬಳಿ ಹೋದಾಗ ಮಾತು ಹೊರಡದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಚಿಕಿತ್ಸೆ ಶುರುವಾಗಿ ಎಷ್ಟು ತಿಂಗಳಾಯಿತು, ಬಯಕೆ ಯಾವಾಗಿನಿಂದ ಹೇಗೆ ಬದಲಾಯಿತು, ಅದರಿಂದ ನಿಮಗೇನು ತೊಂದರೆ, ಬೇರೆ ಯಾವ ಮಾತ್ರೆಗಳಿವೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಬಾರಿ ರಕ್ತಪರೀಕ್ಷೆ ಬೇಕು. ಮನಸ್ಸು ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆ ಮಾಡಿ, ಕನ್ನಡದಲ್ಲಿಯೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋವೈದ್ಯರ ಶಿಬಿರ ಯಾವಾಗಿದೆಯೆಂದು ವಿಚಾರಿಸಿ.

ನಮ್ಮ ತಾಲ್ಲೂಕುಗಳ ವೈದ್ಯರಲ್ಲಿ ನನ್ನದೊಂದು ವಿನಂತಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 15ನೇ ಕಲಂ ಹಾರ್ಮೋನು ಚಿಕಿತ್ಸೆಯನ್ನೂ ಅದರ ಹಿಂದುಮುಂದಿನ ಆಪ್ತಸಮಾಲೋಚನೆಯನ್ನೂ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ. ತಜ್ಞರು ಒಮ್ಮೆ ನೋಡಿ ಔಷಧಿ ಬರೆದುಕೊಟ್ಟ ಮೇಲೆ ಇಂಜೆಕ್ಷನ್ ಹಾಕುವುದು, ರಕ್ತದೊತ್ತಡ ನೋಡುವುದು, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಪರೀಕ್ಷಿಸುವುದು ಭಟ್ಕಳ, ಹೊನ್ನಾವರ, ಕುಮಟಾದಲ್ಲೇ ಆಗಬಹುದಾದ ಕೆಲಸಗಳು. ಸಕ್ಕರೆ ಕಾಯಿಲೆಯವರಿಗೆ, ಬಿ.ಪಿ. ಇರುವವರಿಗೆ ನೀವು ದಿನವೂ ಮಾಡುತ್ತಿರುವುದು ಇದನ್ನೇ. ಅದರ ಜೊತೆಗೆ ‘ಬಯಕೆಯಲ್ಲಿ ಬದಲಾವಣೆಯಾಗಿದೆಯೇ, ಅದರಿಂದ ಬೇಸರವಿದೆಯೇ?’ ಎಂಬ ಪ್ರಶ್ನೆಯನ್ನು ನೀವೇ ಮೊದಲು ಕೇಳಿ, ಬಾಗಿಲು ಮುಚ್ಚಿ ಕೇಳಿ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬರುವವರೆಗೆ ಕಾಯದೆ ನಾಳೆಯಿಂದಲೇ ಇಷ್ಟನ್ನು ಶುರು ಮಾಡಬಹುದು.